ಡಿಜಿಟಲ್ ಕುಂಚದಲ್ಲಿ ಅಕ್ರಿಲಿಕ್ ಬಣ್ಣದ ಗುಣವನ್ನು ತರುವುದು ಹೇಗೆ?

ತಿಳಿನೀಲಿ ಕೇಳಿದ ಪ್ರಶ್ನೆ

ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಹಲವು ವರ್ಷ ಕೆಲಸ ಮಾಡಿದ ನಾನು ಈಗ ಹೆಚ್ಚಿನ ಚಿತ್ರಗಳನ್ನು ಟ್ಯಾಬ್ಲೆಟ್ಟಿನಲ್ಲಿ ಸ್ಟೈಲಸ್ ಹಿಡಿದು ಬರೆಯುತ್ತಿದ್ದೇನೆ. ಫೋಟೋಶಾಪ್ ಮತ್ತು ಕ್ರಿತಾ ಎಂಬ ಎರಡು ತಂತ್ರಾಂಶಗಳನ್ನೂ ಬಳಸುತ್ತೇನೆ. ಅಕ್ರಿಲಿಕ್ ಎಂಬ ಹೆಸರು ಹೊತ್ತ ಕುಂಚಗಳನ್ನು ಎಷ್ಟು ಬದಲಾಯಿಸಿ ನೋಡಿದರೂ ಮುಗಿದ ಚಿತ್ರ ಅಕ್ರಿಲಿಕ್ಕಿನಂತೆ ಕಾಣುವುದಿಲ್ಲ ಎಂಬುದು ನನ್ನ ತೊಡಕು. ಒಂದೊಂದು ಎಳೆತವನ್ನು ಹಿಗ್ಗಿಸಿ ನೋಡಿದರೆ ಬಿರುಗೂದಲಿನ ಗೀರುಗಳು, ಅಂಚಿನ ಒರಟುತನ, ಬಟ್ಟೆಯ ನೇಯ್ಗೆ ಎಲ್ಲವೂ ಇವೆ. ಆದರೆ ಇಡೀ ಚಿತ್ರವನ್ನು ಒಮ್ಮೆಗೇ ನೋಡಿದಾಗ ಅದು ಒಂದೋ ತೈಲವರ್ಣದ ಹಾಗೆ ನುಣ್ಣಗೆ ಕಲಸಿಹೋಗಿರುತ್ತದೆ, ಇಲ್ಲವೇ ಏರ್‌ಬ್ರಷ್‌ನಿಂದ ಸಿಂಪಡಿಸಿದಂತೆ ಮಬ್ಬಾಗಿರುತ್ತದೆ.

ನನ್ನ ಸದ್ಯದ ಕ್ರಮವನ್ನೂ ಹೇಳಿಬಿಡುತ್ತೇನೆ. ಸ್ಟೈಲಸ್‌ನ ಒತ್ತಡವನ್ನು ಕುಂಚದ ಗಾತ್ರಕ್ಕೂ ಓಪ್ಯಾಸಿಟಿಗೂ (ಬಣ್ಣ ಎಷ್ಟು ಮುಚ್ಚುತ್ತದೆ ಎಂಬ ಅಳತೆಗೂ) ಜೋಡಿಸಿದ್ದೇನೆ. ಎರಡು ಬಣ್ಣಗಳು ಸೇರುವ ಕಡೆ ಫೋಟೋಶಾಪಿನಲ್ಲಾದರೆ ಮಿಕ್ಸರ್ ಬ್ರಷ್ಷನ್ನು, ಕ್ರಿತಾದಲ್ಲಾದರೆ ಕಲರ್ ಸ್ಮಜ್ ಕುಂಚವನ್ನು ಹಿಡಿದು ಬಣ್ಣ ಕಲಸುತ್ತೇನೆ. ನಿಜವಾದ ಕ್ಯಾನ್ವಾಸ್ ಒಂದೇ ಆಗಿರುವುದರಿಂದ ಇಡೀ ಚಿತ್ರವನ್ನು ಪಾರದರ್ಶಕ ಹಾಳೆಯಂಥ ಒಂದೇ ಲೇಯರ್‌ನಲ್ಲಿ ಮಾಡುತ್ತೇನೆ. ಕೊನೆಯಲ್ಲಿ ಬಣ್ಣ ಉಬ್ಬಿದಂತೆ ತೋರಿಸುವ ಫಿಲ್ಟರ್ ಹಾಕುತ್ತೇನೆ. ಹಾಕಿದ ಕೂಡಲೇ ಚಿತ್ರಕ್ಕೆ ಮೈ ಬಂದಂತೆ ಅನ್ನಿಸಿದರೂ ಸ್ವಲ್ಪ ಹೊತ್ತು ದಿಟ್ಟಿಸಿದರೆ ಗಾಢ ಬಣ್ಣದ ಭಾಗಗಳೆಲ್ಲ ಕುಳಿಗಳಂತೆ ಕಾಣತೊಡಗುತ್ತವೆ. ಇನ್ನು ಹಳದಿಯ ಮೇಲೆ ನೀಲಿಯನ್ನು ಎಳೆದು ಕಲಸಿದರೆ ಹಸಿರು ಬರುವ ಜಾಗದಲ್ಲಿ ಬೂದಿ ಬಣ್ಣ ಬರುತ್ತದೆ.

ಹೊಸ ಕುಂಚಗಳ ಪಟ್ಟಿ ನನಗೆ ಬೇಕಿಲ್ಲ. ಅಕ್ರಿಲಿಕ್ಕಿನ ಚಹರೆ ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟನ್ನು ಕುಂಚದ ಹೊಂದಾಣಿಕೆಗಳಿಂದ ಪಡೆಯಬಹುದು, ಎಷ್ಟನ್ನು ಕೆಲಸದ ಕ್ರಮವನ್ನೇ ಬದಲಿಸಿ ಪಡೆಯಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಪದರಗಾರ ಅವರ ಉತ್ತರ

ಇಡೀ ಚಿತ್ರ ಒಂದೇ ಲೇಯರ್‌ನಲ್ಲಿದೆ ಎಂದಿರಲ್ಲ, ತೊಡಕು ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಅಕ್ರಿಲಿಕ್ ಎಂದರೆ ನೀರಿನಲ್ಲಿ ಹರಡಿಕೊಂಡ ಅಕ್ರಿಲಿಕ್ ಪಾಲಿಮರ್ ಕಣಗಳ ನಡುವೆ ವರ್ಣದ್ರವ್ಯವನ್ನು ಬೆರೆಸಿದ ಎಮಲ್ಷನ್. ನೀರು ಆರುತ್ತಿದ್ದಂತೆ ಆ ಕಣಗಳು ಒತ್ತೊತ್ತಾಗಿ ಸೇರಿ, ಒಂದಕ್ಕೊಂದು ಬೆಸೆದುಕೊಂಡು ಅಖಂಡವಾದ ಪೊರೆಯಾಗುತ್ತವೆ. ಒಮ್ಮೆ ಆದ ಪೊರೆ ಮತ್ತೆ ನೀರಿಗೆ ಕರಗುವುದಿಲ್ಲ. ತೆಳುವಾಗಿ ಹಚ್ಚಿದ ಪದರವೊಂದು ಸಾಮಾನ್ಯವಾಗಿ 10ರಿಂದ 20 ನಿಮಿಷಗಳಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ. ತೈಲವರ್ಣದ ಎಣ್ಣೆಯಾದರೋ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವಂಥದ್ದು. ಅದು ದಿನಗಟ್ಟಲೆ ಹಸಿಯಾಗಿ ಉಳಿದು, ಮೇಲೆ ಬಂದ ಪ್ರತಿಯೊಂದು ಬಣ್ಣದೊಂದಿಗೂ ಕಲಸಿಕೊಳ್ಳುತ್ತದೆ. ಜಲವರ್ಣ ಒಣಗಿದ ಮೇಲೂ ನೀರು ತಗುಲಿದರೆ ಮತ್ತೆ ಏಳುತ್ತದೆ. ಅಕ್ರಿಲಿಕ್ಕಿನ ಚಹರೆಯೆಂದು ನಾವು ಗುರುತಿಸುವ ಸ್ಪಷ್ಟ ಅಂಚುಗಳು, ಒಂದರ ಮೇಲೊಂದು ಕುಳಿತ ಪದರಗಳು, ಸಂದುಗಳಲ್ಲಿ ಇಣುಕುವ ತಳದ ಬಣ್ಣ, ಇವೆಲ್ಲವೂ ಬಣ್ಣ ಬೇಗ ಒಣಗಿ ಕೆಳಗಿನ ಪದರ ಬೀಗ ಹಾಕಿದಂತಾಗುವುದರ ಫಲ. ಡಿಜಿಟಲ್ ಕ್ಯಾನ್ವಾಸ್ ತಾನಾಗಿ ಒಣಗುವುದೇ ಇಲ್ಲ. ನೀವು ಬೆಳಗ್ಗೆ ಹಚ್ಚಿದ ಬಣ್ಣವನ್ನು ಸ್ಮಜ್ ಕುಂಚ ಸಂಜೆಯೂ ಅಷ್ಟೇ ಸಲೀಸಾಗಿ ಎಳೆದಾಡುತ್ತದೆ. ಅದು ತೈಲವರ್ಣಕ್ಕಿಂತಲೂ ಹಸಿ.

ಆದ್ದರಿಂದ ಒಣಗಿಸುವ ಕೆಲಸವನ್ನು ನೀವೇ ಮಾಡಬೇಕು. ಒಂದು ಭಾಗದ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಹೊಸ ಲೇಯರ್ ತೆರೆಯಿರಿ, ಹಿಂದಿನದಕ್ಕೆ ಬೀಗ ಹಾಕಿ, ಮತ್ತೆ ಅದರ ಮೇಲೆ ಕುಂಚವಾಡಿಸಬೇಡಿ. ಫೋಟೋಶಾಪಿನ ಮಿಕ್ಸರ್ ಬ್ರಷ್ ಬಳಸುವಾಗ ಎಲ್ಲ ಲೇಯರ್‌ಗಳಿಂದ ಬಣ್ಣ ಎತ್ತಿಕೊಳ್ಳುವ ಆಯ್ಕೆಯನ್ನು ಕಡ್ಡಾಯವಾಗಿ ಆಫ್ ಮಾಡಿ. ಕ್ರಿತಾದ ಕಲರ್ ಸ್ಮಜ್ ಎಂಜಿನ್ನಿನಲ್ಲಿ ಅದೇ ಕೆಲಸ ಮಾಡುವ ಓವರ್‌ಲೇ ಆಯ್ಕೆಯನ್ನೂ ಆಫ್ ಮಾಡಿ. ಆಗ ಕುಂಚ ಈಗಿನ ಲೇಯರ್‌ನ ಹಸಿ ಬಣ್ಣವನ್ನು ಮಾತ್ರ ಮುಟ್ಟುತ್ತದೆ, ಕೆಳಗಿನದು ಒಣಗಿದಂತೆಯೇ ಉಳಿಯುತ್ತದೆ. ಲೇಯರ್‌ಗಳು ಹೆಚ್ಚಾಗಿ ಕಿರಿಕಿರಿಯಾದರೆ ಹಳೆಯವನ್ನೆಲ್ಲ ಆಗಾಗ ಒಂದಾಗಿ ಬೆಸೆದುಬಿಡಿ. ಮುಖ್ಯವಾದದ್ದು ಹೊಸ ಬಣ್ಣ ಹಳೆಯದರೊಂದಿಗೆ ಬೆರೆಯದಿರುವುದು.

ಎರಡನೆಯದು ಒತ್ತಡದ ಮಾತು. ಒತ್ತಿದಷ್ಟು ಗಾಢ, ಬಿಟ್ಟಷ್ಟು ತಿಳಿ ಎಂಬ ವರ್ತನೆ ಏರ್‌ಬ್ರಷ್‌ನದು. ನಿಜವಾದ ಚಪ್ಪಟೆ ಕುಂಚವನ್ನು ಹಗುರವಾಗಿ ಆಡಿಸಿದರೆ ಬಣ್ಣ ಅರೆಪಾರದರ್ಶಕವಾಗುವುದಿಲ್ಲ, ತುಂಡುತುಂಡಾಗುತ್ತದೆ: ನೇಯ್ಗೆಯ ಉಬ್ಬುಗಳ ಮೇಲೆ ಪೂರ್ತಿ ಬಣ್ಣ, ತಗ್ಗುಗಳಲ್ಲಿ ಏನೂ ಇಲ್ಲ. ಒತ್ತಡವನ್ನು ಓಪ್ಯಾಸಿಟಿಯಿಂದ ಬಿಡಿಸಿ, ನೇಯ್ಗೆಯ ಒರಟುತನವಾದ ಟೆಕ್ಸ್ಚರ್‌ನ ಆಳಕ್ಕೆ ಜೋಡಿಸಿ. ಹಗುರ ಕೈಗೆ ಒಣಕುಂಚದ ಗೀರು, ಭಾರದ ಕೈಗೆ ತುಂಬಿದ ಬಣ್ಣ ಎಂಬಂತಾಗಲಿ. ಓಪ್ಯಾಸಿಟಿ ಸದಾ 100ರಲ್ಲೇ ಇರಬಹುದು. ಈ ಒಂದು ಬದಲಾವಣೆಯಿಂದಲೇ ಮಬ್ಬು ಬಹುಪಾಲು ಹೋಗುತ್ತದೆ.

ಮಿಕ್ಸರ್ ಬ್ರಷ್‌ನಲ್ಲಿ ವೆಟ್, ಲೋಡ್, ಮಿಕ್ಸ್, ಫ್ಲೋ ಎಂಬ ನಾಲ್ಕು ಅಳತೆಗಳಿವೆ. ಕ್ಯಾನ್ವಾಸಿನಿಂದ ಎಷ್ಟು ಬಣ್ಣ ಎತ್ತಿಕೊಳ್ಳಬೇಕೆಂಬುದನ್ನು ವೆಟ್ ನಿರ್ಧರಿಸುತ್ತದೆ. ಅದನ್ನು 10ರ ಆಸುಪಾಸಿನಲ್ಲಿಡಿ. ಹಾಗೆ ಎತ್ತಿಕೊಂಡ ಬಣ್ಣಕ್ಕೂ ಕುಂಚದಲ್ಲಿರುವ ಬಣ್ಣಕ್ಕೂ ಇರುವ ಪ್ರಮಾಣ ಮಿಕ್ಸ್. ಅದೂ ಕಡಿಮೆಯೇ ಇರಲಿ. ಜನ ಕಡೆಗಣಿಸುವುದು ಲೋಡ್ ಅನ್ನು. ಡಿಜಿಟಲ್ ಕುಂಚದ ದೊಡ್ಡ ಸುಳ್ಳೆಂದರೆ ಅದರ ಬಣ್ಣ ಮುಗಿಯುವುದೇ ಇಲ್ಲ. ಲೋಡನ್ನು ತಗ್ಗಿಸಿದರೆ ಎಳೆತದ ಕೊನೆಯಲ್ಲಿ ಬಣ್ಣ ತೀರಿ ಗೀರುಗಳು ಬೀಳುತ್ತವೆ, ನೀವು ಮತ್ತೆ ಬಣ್ಣ ಅದ್ದಿಕೊಳ್ಳಬೇಕಾಗುತ್ತದೆ, ಎಳೆತಗಳು ತಾವಾಗಿ ಗಿಡ್ಡವಾಗುತ್ತವೆ. ಪ್ರೊಕ್ರಿಯೇಟ್ ಎಂಬ ತಂತ್ರಾಂಶ ಬಳಸುವವರಿಗೆ ವೆಟ್ ಮಿಕ್ಸ್ ವಿಭಾಗದ ಚಾರ್ಜ್ ಇದೇ ಕೆಲಸ ಮಾಡುತ್ತದೆ. ಅಲ್ಲಿ ಪುಲ್ ಎಂಬುದನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಬೇಕು. ಮಿಕ್ಸರ್ ಬ್ರಷ್‌ನಲ್ಲಿ ಪ್ರತಿ ಎಳೆತದ ನಂತರ ಕುಂಚವನ್ನು ತೊಳೆಯುವ ಗುಂಡಿಯನ್ನು ಆಫ್ ಮಾಡಿಟ್ಟರೆ ಹಿಂದಿನ ಬಣ್ಣದ ಕೊಳೆ ಮುಂದಿನದಕ್ಕೆ ಸ್ವಲ್ಪ ಹತ್ತುತ್ತದೆ. ಆ ಕೊಳೆ ಬೇಕಾದದ್ದೇ, ಅತಿಯಾಗದಿದ್ದರೆ.

ಬಿಳಿ ಕ್ಯಾನ್ವಾಸಿನಿಂದ ಶುರುಮಾಡಬೇಡಿ. ಕಾವಿಯನ್ನೋ ಮಧ್ಯಮ ಬೂದಿಯನ್ನೋ ತಳಕ್ಕೆ ಬಳಿದು, ಮೇಲಿನ ಪದರಗಳ ನಡುವೆ ಅದು ಅಲ್ಲಲ್ಲಿ ಕಾಣುವಂತೆ ಬಿಡಿ. ಜೆಸ್ಸೋ ಎಂಬ ಬಿಳಿ ತಳಲೇಪ ಹಚ್ಚಿದ ಬಟ್ಟೆಗೆ ಬಣ್ಣದ ತಳ ಕೊಡುವ ಅಭ್ಯಾಸ ನಿಮಗಿದ್ದೇ ಇರುತ್ತದೆ.

ತಿಳಿನೀಲಿ

ಲೇಯರ್ ಎಂಬುದನ್ನು ಒಣಗಿದ ಪದರವೆಂದು ನಾನು ಯೋಚಿಸಿರಲಿಲ್ಲ. ಆದರೆ ಒಂದು ಅನುಮಾನ ಉಳಿಯುತ್ತದೆ. ಕಲಸುವುದನ್ನು ಇಷ್ಟು ಕಡಿಮೆ ಮಾಡಿದರೆ ಆಕಾಶದಂಥ ಕಡೆ ಒಂದು ಬಣ್ಣ ಮತ್ತೊಂದಕ್ಕೆ ನಯವಾಗಿ ಜಾರುವುದನ್ನು ಹೇಗೆ ತೋರಿಸುವುದು? ಹಳದಿ ಮತ್ತು ನೀಲಿಯ ಪ್ರಶ್ನೆಯೂ ಹಾಗೆಯೇ ಇದೆ.

ವರ್ಣಮಿತಿ ಅವರ ಉತ್ತರ

ಎರಡಕ್ಕೂ ಒಂದೇ ದಾರಿಯಲ್ಲಿ ಉತ್ತರ ಸಿಗುತ್ತದೆ, ಮೊದಲು ಬೂದಿಯ ಕಾರಣವನ್ನು ಹೇಳುತ್ತೇನೆ.

ಸಾಮಾನ್ಯ ತಂತ್ರಾಂಶ ಎರಡು ಬಣ್ಣಗಳನ್ನು ಕಲಸುವುದೆಂದರೆ ಅವುಗಳ ಕೆಂಪು, ಹಸಿರು, ನೀಲಿ ಅಂಕಿಗಳ ಸರಾಸರಿ ತೆಗೆಯುವುದು. ಶುದ್ಧ ಹಳದಿ 255, 255, 0. ಶುದ್ಧ ನೀಲಿ 0, 0, 255. ಸಮಪಾಲಿನ ಸರಾಸರಿ ಮೂರೂ ಕಡೆ ಸುಮಾರು 128, ಅಂದರೆ ನಿಮಗೆ ಸಿಕ್ಕ ಬೂದಿ. ನಿಜವಾದ ಬಣ್ಣದ ಪದರದಲ್ಲಿ ನಡೆಯುವುದು ಬೇರೆ. ಪ್ರತಿ ವರ್ಣದ್ರವ್ಯವೂ ಬೆಳಕಿನ ಒಂದೊಂದು ತರಂಗಾಂತರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತದೆ, ಬೇರೆ ಬೇರೆ ಪ್ರಮಾಣದಲ್ಲಿ ಚದುರಿಸುತ್ತದೆ. ಹಳದಿ ದ್ರವ್ಯ ನೀಲಿ ಬೆಳಕನ್ನು ನುಂಗುತ್ತದೆ, ನೀಲಿ ದ್ರವ್ಯ ಕೆಂಪು ಬೆಳಕನ್ನು ನುಂಗುತ್ತದೆ, ಎರಡೂ ಹೆಚ್ಚಾಗಿ ನುಂಗದೆ ಬಿಡುವುದು ಹಸಿರನ್ನು. ಈ ಹೀರುವಿಕೆ ಮತ್ತು ಚದುರುವಿಕೆಗಳಿಂದ ಪದರದ ಬಣ್ಣವನ್ನು ಲೆಕ್ಕ ಹಾಕುವ ಸಮೀಕರಣಗಳನ್ನು ಪಾಲ್ ಕುಬೆಲ್ಕಾ ಮತ್ತು ಫ್ರಾಂಟ್ಸ್ ಮುಂಕ್ 1931ರಲ್ಲಿ ಪ್ರಕಟಿಸಿದರು. ಚಿತ್ರ ಬರೆಯುವ ತಂತ್ರಾಂಶಗಳಿಗೆ ಅದು ಬಹಳ ತಡವಾಗಿ ಬಂತು. ಮೈಪೇಂಟ್ ಎಂಬ ತಂತ್ರಾಂಶದ 2020ರ 2.0 ಆವೃತ್ತಿಯಲ್ಲಿ ತರಂಗಾಂತರಗಳ ಮಟ್ಟದಲ್ಲಿ ಬಣ್ಣ ಬೆರೆಸುವ ವ್ಯವಸ್ಥೆ ಇದೆ. 2021ರಲ್ಲಿ ಶಾರ್ಕಾ ಸೊಖೊರೋವಾ ಮತ್ತು ಒಂದ್ರೆ ಯಾಮ್ರಿಶ್ಕಾ ಮಿಕ್ಸ್‌ಬಾಕ್ಸ್ ಎಂಬ ವಿಧಾನವನ್ನು ಮುಂದಿಟ್ಟರು. ಅದು ಯಾವುದೇ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಅಂಕಿಗಳ) ಬಣ್ಣವನ್ನು ಥ್ಯಾಲೋ ನೀಲಿ, ಕ್ವಿನಾಕ್ರಿಡೋನ್ ಮೆಜೆಂಟಾ, ಹನ್ಸಾ ಹಳದಿ ಮತ್ತು ಟೈಟಾನಿಯಂ ಬಿಳಿ ಎಂಬ ನಾಲ್ಕು ದ್ರವ್ಯಗಳ ಮಿಶ್ರಣವೆಂದು ಭಾವಿಸಿ ಲೆಕ್ಕ ಮಾಡುತ್ತದೆ. ರೆಬೆಲ್ ಎಂಬ ತಂತ್ರಾಂಶದ 5ರ ಪ್ರೋ ಆವೃತ್ತಿಯಿಂದ ಆಚೆಗೆ ಸಿಗುವ ಪಿಗ್ಮೆಂಟ್ ಬೆರಕೆಯ ಹಿಂದೆ ಇರುವುದು ಇದೇ.

ನೀವು ಫೋಟೋಶಾಪ್ ಬಿಡಬೇಕಾಗಿಲ್ಲ. ಮೈಪೇಂಟ್ ಅಥವಾ ರೆಬೆಲ್‌ನಲ್ಲಿ ಕುಳಿತು ನಿಮ್ಮ ಬಣ್ಣಗಳ ಪಟ್ಟಿಗಳನ್ನು ಕಲಸಿ, ಆ ಹಾಳೆಯನ್ನು ಚಿತ್ರವಾಗಿ ಉಳಿಸಿಕೊಂಡು, ಚಿತ್ರ ಬರೆಯುವಾಗ ಅಲ್ಲಿಂದಲೇ ಬಣ್ಣ ಎತ್ತಿಕೊಳ್ಳಿ. ಬಿಳಿಯ ಪಟ್ಟಿಗಳನ್ನು ಮಾತ್ರ ಮರೆಯದೆ ಮಾಡಿ. ಥ್ಯಾಲೋ ನೀಲಿ ದಪ್ಪವಾಗಿದ್ದಾಗ ಕಪ್ಪಿಗೆ ಹತ್ತಿರ. ಸ್ವಲ್ಪ ಟೈಟಾನಿಯಂ ಬಿಳಿ ಸೇರಿದರೆ ಒಮ್ಮೆಲೇ ಉರಿಯುವಂಥ ನೀಲಿಯಾಗುತ್ತದೆ, ಇನ್ನೂ ಸೇರಿದರೆ ತಿಳಿಯಾಗುತ್ತದೆ. ಆರ್‌ಜಿಬಿ ಸರಾಸರಿಯಲ್ಲಿ ಆ ನಡುವಿನ ಏರಿಕೆ ಇರುವುದಿಲ್ಲ, ಬಣ್ಣ ನೇರವಾಗಿ ಸುಣ್ಣದ ಕಡೆಗೆ ಹೋಗುತ್ತದೆ. ಡಿಜಿಟಲ್ ಚಿತ್ರದ ತಿಳಿಬಣ್ಣಗಳು ಸಪ್ಪೆಯಾಗಲು ಇದೇ ದೊಡ್ಡ ಕಾರಣ.

ಈಗ ಆಕಾಶಕ್ಕೆ ಬರೋಣ. ಅಕ್ರಿಲಿಕ್‌ನಲ್ಲಿ ಕೆಲಸ ಮಾಡುವವರು ಬಣ್ಣ ಬೇಗ ಒಣಗುತ್ತದೆಂದೇ ಬೇಕಾದ ಛಾಯೆಗಳನ್ನು ಮೊದಲೇ ಕಲಸಿಟ್ಟುಕೊಂಡು, ಪಕ್ಕಪಕ್ಕದಲ್ಲಿ ಇಟ್ಟು, ನಡುವಿನ ಗಡಿಯನ್ನು ಒಣಕುಂಚದಿಂದಲೋ ಗ್ಲೇಜ್ ಎಂಬ ತೆಳುವಾದ ಪಾರದರ್ಶಕ ಪದರದಿಂದಲೋ ಮುರಿಯುತ್ತಾರೆ. ಪಟ್ಟಿಯ ಅಭ್ಯಾಸ ಇಲ್ಲಿ ಹಾಗೆಯೇ ಕೆಲಸಕ್ಕೆ ಬರುತ್ತದೆ: ತಂತ್ರಾಂಶಕ್ಕೆ ಕಲಸುವ ಕೆಲಸವನ್ನೇ ಕೊಡದಿದ್ದರೆ ಅದು ತಪ್ಪಾಗಿ ಕಲಸುವ ಪ್ರಶ್ನೆಯೂ ಬರುವುದಿಲ್ಲ. ಗ್ಲೇಜ್ ಹಾಕುವಾಗ ದ್ರವ್ಯದ ಗುಣವನ್ನು ನೋಡಿ. ಕ್ವಿನಾಕ್ರಿಡೋನ್, ಥ್ಯಾಲೋ, ಅಲ್ಟ್ರಾಮರೀನ್ ಮುಂತಾದ ಪಾರದರ್ಶಕ ಬಣ್ಣಗಳಿಗೆ ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಬಗೆಯ ಲೇಯರ್ ಒಪ್ಪುತ್ತದೆ. ಕ್ಯಾಡ್ಮಿಯಂ ಮತ್ತು ಟೈಟಾನಿಯಂ ಬಿಳಿ ಬೆರೆತ ಬಣ್ಣಗಳು ಮುಚ್ಚುವ ಸ್ವಭಾವದವು. ಅವನ್ನು ತೆಳುಗೊಳಿಸಿ ಹಚ್ಚಿದಂತೆ ತೋರಿಸಲು ನಾರ್ಮಲ್ ಲೇಯರ್‌ನ ಓಪ್ಯಾಸಿಟಿಯನ್ನು ಇಳಿಸಬೇಕು. ಗಾಢ ತಳದ ಮೇಲೆ ತೆಳುವಾದ ಬಿಳಿಯನ್ನು ಎಳೆದರೆ ನಿಜಜೀವನದಲ್ಲಿ ಅದು ತುಸು ನೀಲಿಗೆ ತಿರುಗಿ ತಣ್ಣಗೆ ಕಾಣುತ್ತದೆ, ಏಕೆಂದರೆ ಸಣ್ಣ ಬಿಳಿ ಕಣಗಳು ಗಿಡ್ಡ ತರಂಗಾಂತರದ ಬೆಳಕನ್ನೇ ಹೆಚ್ಚು ಚದುರಿಸುತ್ತವೆ. ತಂತ್ರಾಂಶಕ್ಕೆ ಇದು ತಿಳಿದಿರುವುದಿಲ್ಲವಾದ್ದರಿಂದ ಆ ಬಿಳಿಗೆ ಒಂದಿಷ್ಟು ನೀಲಿಯನ್ನು ನೀವೇ ಸೇರಿಸಿ.

ಇನ್ನೊಂದು ಸಣ್ಣ ವಿಷಯ: ಸ್ಮಜ್ ಬಳಸುವ ಕಡತ 16 ಬಿಟ್ ಇರಲಿ. 8 ಬಿಟ್‌ನಲ್ಲಿ ಪ್ರತಿ ಮೆತ್ತನೆಯ ಎಳೆತಕ್ಕೂ ಅಂಕಿಗಳು ಪೂರ್ಣಾಂಕಕ್ಕೆ ಇಳಿದು, ಛಾಯೆಗಳ ನಡುವೆ ಮೆಟ್ಟಿಲುಗಳು ಕಾಣಿಸುತ್ತವೆ.

ಹಸಿ ಅಕ್ರಿಲಿಕ್ ಹಾಲಿನಂತಿದ್ದು ಒಣಗಿದ ಮೇಲೆ ಗಾಢವಾಗುವ ಕಾಟ ಇಲ್ಲಿಲ್ಲ. ಹಳೆಯ ಅಭ್ಯಾಸದಿಂದ ಬಣ್ಣವನ್ನು ಒಂದು ಮೆಟ್ಟಿಲು ತಿಳಿಯಾಗಿ ಆರಿಸುತ್ತಿದ್ದರೆ ಅದನ್ನು ಬಿಡಬಹುದು.

ಒರಟುಬಟ್ಟೆ ಅವರ ಉತ್ತರ

ಪದರಗಾರ ಅವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಎಲ್ಲವೂ ಒಣಗುವುದರಲ್ಲೇ ಇದೆ ಎಂಬ ಧ್ವನಿಗೆ ನನ್ನ ತಕರಾರಿದೆ. ಒಣಗುವ ಕಾಲವನ್ನು ಹಿಗ್ಗಿಸುವ ರಿಟಾರ್ಡರ್ ಬೆರೆಸಿದ ಅಕ್ರಿಲಿಕ್ ಕೂಡ ಅಕ್ರಿಲಿಕ್ಕೇ, ಕಣ್ಣಿಗೆ ಹಾಗೆಯೇ ಕಾಣುತ್ತದೆ. ಅಳತೆ ಮತ್ತು ಮೇಲ್ಮೈ ತಪ್ಪಿದರೆ ಪದರಗಳು ಎಷ್ಟು ಸರಿಯಿದ್ದರೂ ಚಿತ್ರ ನಂಬಿಕೆ ಹುಟ್ಟಿಸುವುದಿಲ್ಲ.

ಮೊದಲು ಚಿತ್ರಕ್ಕೆ ಒಂದು ಭೌತಿಕ ಗಾತ್ರವನ್ನು ನಿಶ್ಚಯಿಸಿ. 40 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬಟ್ಟೆಯೆಂದು ಇಟ್ಟುಕೊಳ್ಳಿ. ಇಂಚಿಗೆ 300 ಪಿಕ್ಸೆಲ್‌ನಂತೆ ಅದು 4724 ಅಗಲ, 3543 ಎತ್ತರವಾಗುತ್ತದೆ. ಒಂದು ಸೆಂಟಿಮೀಟರ್ ಎಂದರೆ ಸುಮಾರು 118 ಪಿಕ್ಸೆಲ್. ಎರಡೂವರೆ ಸೆಂಟಿಮೀಟರ್ ಅಗಲದ ಚಪ್ಪಟೆ ಕುಂಚ 295 ಪಿಕ್ಸೆಲ್ ಆಗಬೇಕು. 0.15 ಮಿಲಿಮೀಟರ್ ದಪ್ಪದ ಬಿರುಗೂದಲೊಂದು ಬಿಡುವ ಗೀರು ಎರಡು ಪಿಕ್ಸೆಲ್‌ಗೂ ಕಡಿಮೆ. ಈ ಲೆಕ್ಕ ಒಮ್ಮೆ ತಲೆಯಲ್ಲಿ ಕುಳಿತರೆ ಮಾರಾಟಕ್ಕಿರುವ ಎಷ್ಟೋ ಕುಂಚಗಳ ಗೀರುಗಳು ಕಡ್ಡಿಯಷ್ಟು ದಪ್ಪ ಇರುವುದು ಕಣ್ಣಿಗೆ ಹೊಡೆಯುತ್ತದೆ. ಕುಂಚದ ಗಾತ್ರವನ್ನು ಬೇಕಾದಂತೆ ಹಿಗ್ಗಿಸುವ ಸ್ವಾತಂತ್ರ್ಯವನ್ನೂ ಬಿಟ್ಟುಕೊಡಿ, ಏಕೆಂದರೆ ಗಾತ್ರ ಹಿಗ್ಗಿದಾಗ ಕೂದಲೂ ಹಿಗ್ಗುತ್ತದೆ. ದೊಡ್ಡದು, ನಡುವಿನದು, ಸಣ್ಣದು ಎಂದು ಮೂರನ್ನು ಬೇರೆ ಬೇರೆಯಾಗಿ ಮಾಡಿಟ್ಟುಕೊಂಡು ಅಷ್ಟರಲ್ಲೇ ಚಿತ್ರ ಮುಗಿಸಿ.

ಬಟ್ಟೆಯ ನೇಯ್ಗೆ ಕುಂಚದೊಂದಿಗೆ ಜಾರಬಾರದು, ಎಲ್ಲ ಕುಂಚಗಳಿಗೂ ಒಂದೇ ಜಾಗದಲ್ಲಿ ನಿಂತಿರಬೇಕು. ಪ್ರೊಕ್ರಿಯೇಟ್‌ನಲ್ಲಿ ಗ್ರೇನ್ ವಿಭಾಗದ ಮೂವಿಂಗ್ ಮತ್ತು ಟೆಕ್ಸ್ಚರೈಸ್ಡ್ ಎಂಬ ಎರಡು ಬಗೆಗಳಲ್ಲಿ ಎರಡನೆಯದು ಬೇಕಾಗುವುದು ಇದಕ್ಕಾಗಿಯೇ. ಕುಂಚ ಕುಂಚಕ್ಕೂ ನೇಯ್ಗೆಯ ಅಳತೆ ಬದಲಾದರೆ ಒಂದೇ ಚಿತ್ರದಲ್ಲಿ ಹಲವು ಬಟ್ಟೆಗಳನ್ನು ತೇಪೆ ಹಾಕಿದಂತಾಗುತ್ತದೆ.

ನೀವು ಹೇಳಿದ ಕುಳಿಗಳ ಕಾರಣ ಸರಳವಾಗಿದೆ. ಉಬ್ಬಿನ ಫಿಲ್ಟರ್ ಚಿತ್ರದ ಹೊಳಪನ್ನೇ ಎತ್ತರವೆಂದು ಓದುತ್ತದೆ; ಹಾಗಾಗಿ ಬಿಳಿ ಗುಡ್ಡವಾಗುತ್ತದೆ, ಕಪ್ಪು ಹಳ್ಳವಾಗುತ್ತದೆ. ಬಣ್ಣ ಎಷ್ಟು ದಪ್ಪ ಕುಳಿತಿದೆ ಎಂಬುದಕ್ಕೂ ಅದು ಯಾವ ಬಣ್ಣ ಎಂಬುದಕ್ಕೂ ಸಂಬಂಧವಿಲ್ಲ. ಎತ್ತರಕ್ಕಾಗಿ ಬೂದಿ ಬಣ್ಣದ ಬೇರೆಯೇ ಲೇಯರ್ ಒಂದನ್ನು ಇಟ್ಟುಕೊಂಡು, ದಪ್ಪವಾಗಿ ಹಚ್ಚಿದ ಕೊನೆಯ ಎಳೆತಗಳನ್ನಷ್ಟೇ ಅದರಲ್ಲಿ ಮತ್ತೆ ಎಳೆದು, ಫಿಲ್ಟರನ್ನು ಅದಕ್ಕೆ ಹಾಕಿ ಚಿತ್ರದ ಮೇಲೆ ಬೆರೆಸಿ. ಕ್ರಿತಾ 5ರ ಕಲರ್ ಸ್ಮಜ್ ಎಂಜಿನ್ನಿನಲ್ಲಿರುವ ಪೇಂಟ್ ಥಿಕ್‌ನೆಸ್ ಆಯ್ಕೆ ಈ ಶ್ರಮವನ್ನು ಬಹಳಷ್ಟು ತಪ್ಪಿಸುತ್ತದೆ. ಎರಡೂ ಸಂದರ್ಭಗಳಲ್ಲಿ ಉಬ್ಬು ಕಡಿಮೆಯೇ ಇರಲಿ: ಅಕ್ರಿಲಿಕ್‌ನಿಂದ ನೀರು ಆರಿಹೋದಾಗ ಅದರ ಗಾತ್ರ ಕುಗ್ಗುತ್ತದೆ, ಹಸಿಯಾಗಿದ್ದಾಗ ಚೂಪಾಗಿದ್ದ ಏಣುಗಳು ಒಣಗುವಾಗ ದುಂಡಗಾಗುತ್ತವೆ. ತೈಲವರ್ಣಕ್ಕೆಂದು ಮಾಡಿದ ಚೂಪು ಏಣುಗಳ ಕುಂಚ ಇಲ್ಲಿ ಹೊಂದುವುದಿಲ್ಲ. ಉಬ್ಬು ಅತಿಯಾದರೆ ಚಿತ್ರ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ ಎಂದು ದೂರುತ್ತಾರೆ. ಅಕ್ರಿಲಿಕ್ ನಿಜಕ್ಕೂ ಪ್ಲಾಸ್ಟಿಕ್ಕೇ ಎಂಬುದು ಬೇರೆ ಮಾತು.

ಪದರಗಾರ

ರಿಟಾರ್ಡರ್‌ನ ಆಕ್ಷೇಪ ನ್ಯಾಯವಾದದ್ದೇ. ಆದರೂ ರಿಟಾರ್ಡರ್ ಬೆರೆಸಿ ಉದ್ದಕ್ಕೂ ಕಲಸಿದ ಅಕ್ರಿಲಿಕ್ ಚಿತ್ರವನ್ನು ನೋಡಿದವರು ಅದನ್ನು ತೈಲವರ್ಣವೆಂದೇ ತಿಳಿಯುವ ಸಾಧ್ಯತೆ ಹೆಚ್ಚು, ಮತ್ತು ತಿಳಿನೀಲಿ ಅವರಿಗೆ ಬೇಡವಾಗಿರುವುದು ಅದೇ. ಅಳತೆಯ ವಿಷಯದಲ್ಲಿ ನಿಮ್ಮೊಂದಿಗೆ ಜಗಳವಿಲ್ಲ.

ತಿಳಿನೀಲಿ

ಮೂರು ಕುಂಚಗಳ ಕ್ರಮವನ್ನು ಇಂದಿನಿಂದಲೇ ಹಿಡಿಯುತ್ತೇನೆ. ಕಡೆಯದಾಗಿ ಒಂದು ಪ್ರಶ್ನೆ: ಚಪ್ಪಟೆ ಕುಂಚದ ಕೋನವನ್ನು ಎಳೆತದ ದಿಕ್ಕಿಗೆ ಜೋಡಿಸಿದ್ದೇನೆ. ನೇರ ಎಳೆತಗಳು ಚೆನ್ನಾಗಿ ಬರುತ್ತವೆ, ಆದರೆ ಕುಂಚದ ತೆಳು ಅಂಚಿನಿಂದ ಗೆರೆ ಎಳೆಯುವುದು ಸಾಧ್ಯವಾಗುತ್ತಿಲ್ಲ.

ಒರಟುಬಟ್ಟೆ

ದಿಕ್ಕಿಗೆ ಜೋಡಿಸಿದರೆ ಕುಂಚದ ಅಗಲ ಸದಾ ಎಳೆತಕ್ಕೆ ಅಡ್ಡವಾಗಿಯೇ ತಿರುಗುತ್ತದೆ, ಹಾಗಾಗಿ ಅಂಚಿನ ಗೆರೆ ಸಿಗುವುದಿಲ್ಲ. ತಿರುವುಗಳಲ್ಲಿ ಎಳೆತ ಪಟ್ಟಿಯಂತೆ ಬಾಗುವುದೂ ಇದರಿಂದಲೇ. ತನ್ನ ಸುತ್ತ ತಾನೇ ತಿರುಗುವುದನ್ನು ಗುರುತಿಸುವ ಸ್ಟೈಲಸ್ ನಿಮ್ಮಲ್ಲಿದ್ದರೆ ಕೋನವನ್ನು ಆ ತಿರುಗುವಿಕೆಗೆ ಜೋಡಿಸಿ. ವಾಕಾಮ್ ಆರ್ಟ್ ಪೆನ್ ಮತ್ತು 2024ರ ಆ್ಯಪಲ್ ಪೆನ್ಸಿಲ್ ಪ್ರೋ ಅಂಥವು. ಇಲ್ಲದಿದ್ದರೆ ಸ್ಟೈಲಸ್ ಯಾವ ಕಡೆಗೆ ವಾಲಿದೆ ಎಂಬುದಕ್ಕೆ ಜೋಡಿಸಬಹುದು. ಕೈಯ ವಾಲಿಕೆ ಎಳೆತದುದ್ದಕ್ಕೂ ಹೆಚ್ಚೇನೂ ಬದಲಾಗದ ಕಾರಣ ಕುಂಚದ ಕೋನ ಸ್ಥಿರವಾಗಿ ನಿಲ್ಲುತ್ತದೆ, ಅಡ್ಡಕ್ಕೆ ಎಳೆದರೆ ಅಗಲವಾಗಿಯೂ ಉದ್ದಕ್ಕೆ ಎಳೆದರೆ ತೆಳುವಾಗಿಯೂ ಬಣ್ಣ ಬೀಳುತ್ತದೆ. ಜೊತೆಗೆ ಕುಂಚದ ಅಚ್ಚುಗಳ ನಡುವಿನ ಅಂತರವಾದ ಸ್ಪೇಸಿಂಗನ್ನು 2ರಿಂದ 4 ಶೇಕಡಕ್ಕೆ ಇಳಿಸಿ, ಇಲ್ಲದಿದ್ದರೆ ತೆಳು ಅಂಚಿನ ಗೆರೆ ಚುಕ್ಕಿಗಳ ಸಾಲಾಗಿ ಒಡೆಯುತ್ತದೆ.